ಸಭೆಯು ಒಂದಾಗುವ ಬಗೆ

ಕೊರಿಂಥದ ಸಭೆಯಲ್ಲಿ ಕೆಲವರು ತಮ್ಮನ್ನು ಪೌಲನವರೆಂದೂ ಕೆಲವರು ಅಪೊಲ್ಲೋಸನವರೆಂದೂ ಹೇಳಿಕೊಳ್ಳುತ್ತಿದ್ದರೆಂಬುದನ್ನು ನಮ್ಮ ಪೂರ್ವ ವಿದ್ಯಾರ್ಥಿನಿಯರು ಸತ್ಯವೇದ ಪಾಠದಲ್ಲಿ ಓದಿದವರೇ. ಕನ್ನಡ ನಾಡಿನ ಸಭೆಗಳಿಗೂ ಇಂಥ ಮಾತು ಹೊಸದಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಮನೆತನಗಳು ಒಂದು ಕ್ರಮದ ಆರಾಧನೆಯಲ್ಲಿಯೂ, ಮೈಸೂರು ಸೀಮೆಯ ವೆಸ್ಲಿಯನ್ ಮಿಶನ್ನಿನವರು ಇನ್ನೊಂದು ಕ್ರಮದಲ್ಲಿಯೂ ಬೆಳೆದು ಬಂದರು. ಶಿಕಾರಿಪುರ, ಸೊರಬಗಳಂಥ ಮಲೆನಾಡಿನ ಊರುಗಳಲ್ಲಿ ಕ್ರೈಸ್ತ ಕುಟುಂಬಗಳೇ ವಿರಳ. ಅಲ್ಲಿಗೆ ಉದ್ಯೋಗದಿಂದಲೋ ವಿವಾಹದಿಂದಲೋ ಬಂದವರು ತಮ್ಮ ತಮ್ಮ ವಾಡಿಕೆಗಳನ್ನೇ ಹಿಡಿದು ಬೇರೆ ಬೇರೆ ಕುಳಿತರೆ ಸಭೆಯೇ ಉಳಿಯಲಾರದು. ಹಾಗಾದರೆ ಹಲವು ಕಡೆಯವರು ಒಂದು ಸಭೆಯಾಗುವುದು ಹೇಗೆ?

ಇದಕ್ಕೆ ದಕ್ಷಿಣ ಇಂಡಿಯಾ ಸಭೆಯ ಚರಿತ್ರೆಯೇ ಉತ್ತಮ ಪಾಠ. 1919ರಲ್ಲಿ ತರಂಗಂಬಾಡಿಯಲ್ಲಿ ಆರಂಭವಾದ ಐಕ್ಯದ ಮಾತು 28 ವರ್ಷ ನಡೆದು, 1947ನೆಯ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಆಂಗ್ಲಿಕನ್, ಮೆಥಡಿಸ್ಟ್ ಮತ್ತು ದಕ್ಷಿಣ ಭಾರತ ಐಕ್ಯ ಸಭೆಗಳು ಒಂದಾದವು. ಕನ್ನಡದ ಬಾಸೆಲ್ ಮಿಶನ್ ಸಭೆಗಳು ತರುವಾಯ ಕೂಡಿಕೊಂಡವು. ಬಿಷಪರಿಂದ ಅಭಿಷೇಕ ಹೊಂದದ ಬೋಧಕರ ಗತಿಯೇನೆಂಬುದೇ ಅಲ್ಲಿ ಕಠಿಣವಾದ ಪ್ರಶ್ನೆಯಾಗಿತ್ತು. ಇರುವ ಬೋಧಕರನ್ನು ಇದ್ದಂತೆಯೇ ಸ್ವೀಕರಿಸಿ, ಮುಂದಿನ ಅಭಿಷೇಕಗಳನ್ನು ಬಿಷಪರಿಂದ ಮಾಡಿಸುವುದೆಂದು ನಿರ್ಣಯವಾಯಿತು. ತನ್ನ ಹಿರಿಯರ ಸೇವೆ ನಿರರ್ಥಕವಾಗಿತ್ತೆಂದು ಒಪ್ಪಿಕೊಳ್ಳುವಂತೆ ಯಾರನ್ನೂ ಒತ್ತಾಯಪಡಿಸಲಿಲ್ಲ. ಸತ್ಯವೇದ, ಪ್ರಾಚೀನ ವಿಶ್ವಾಸಪ್ರಮಾಣಗಳು, ದೀಕ್ಷಾಸ್ನಾನ, ಕರ್ತನ ಭೋಜನ ಇವು ಎಲ್ಲರಿಗೂ ಸಮಾನ. ಆರಾಧನೆಯ ರೂಪದಲ್ಲಿಯಾದರೋ ಆಯಾ ಸಭೆಗೆ ಸ್ವಾತಂತ್ರ್ಯವಿತ್ತು.

ಆದರೆ ಕಾಗದದ ಮೇಲಣ ಐಕ್ಯವು ಅಭ್ಯಾಸದಿಂದಲೇ ಮನಸ್ಸಿಗೆ ಇಳಿಯತಕ್ಕದ್ದು. 1950ರಲ್ಲಿ ಸಿದ್ಧವಾದ ಕರ್ತನ ಭೋಜನದ ಕ್ರಮದಲ್ಲಿ ಕೇರಳದ ಸುರಿಯಾನಿ ಕ್ರೈಸ್ತರ ಪುರಾತನ ಪದ್ಧತಿಯೊಂದನ್ನು ಸೇರಿಸಿದರು. ಅದರಂತೆ ಸಮಾಧಾನವು ಬೋಧಕರಿಂದ ಹೊರಟು ಕೈಯಿಂದ ಕೈಗೆ ಸಭೆಯಲ್ಲೆಲ್ಲಾ ದಾಟುವುದು. ನಿನ್ನೆ ಜಗಳವಾಡಿದ ನೆರೆಯವಳ ಕೈಯಿಂದಲೇ ಇಂದು ಸಮಾಧಾನವನ್ನು ಪಡೆಯಬೇಕಾಗಿ ಬಂದಾಗ, ಕ್ಷಮೆಯೆಂಬುದು ಬಾಯಿಪಾಠವಾಗಿ ಉಳಿಯುವುದಿಲ್ಲ.

ಒಳಗಿನವರ ಒಗ್ಗಟ್ಟಿನಷ್ಟೇ ಹೊರಗಿನವರನ್ನು ಕಾಣುವ ರೀತಿಯೂ ಸಮುದಾಯದ ಗುರುತಾಗಿದೆ. ಇದಕ್ಕೆ ಉದಾಹರಣೆ ಶಿಕಾರಿಪುರ ತಾಲೂಕಿನಲ್ಲಿಯೇ ಇದೆ. ಬಳ್ಳಿಗಾವೆಯ ಕೋಡಿಯ ಮಠವು ಕಾಳಾಮುಖ ಶೈವರದು. ಅಲ್ಲಿ ವೇದ, ವ್ಯಾಕರಣ, ಷಡ್ದರ್ಶನಗಳ ಪಾಠದೊಡನೆ ಕುಂಟರಿಗೂ ಕುರುಡರಿಗೂ ಜೈನ ಬೌದ್ಧ ಭಿಕ್ಷುಗಳಿಗೂ ಅನ್ನ, ರೋಗಿಗಳಿಗೆ ಔಷಧ ದೊರೆಯುತ್ತಿದ್ದವೆಂದು 1162ರ ಶಾಸನವು ಹೇಳುತ್ತದೆ. ತನ್ನ ಸಿದ್ಧಾಂತವನ್ನು ಬಿಡದೆಯೇ ಅನ್ಯರಿಗೆ ಬಾಗಿಲು ತೆರೆಯಬಹುದೆಂಬುದನ್ನು ನಾವು ಇದರಿಂದಲೂ ಕಲಿಯಬೇಕು.

ನಮ್ಮ ಶಾಲೆಯಿಂದ ಹೊರಟ ಹೆಣ್ಣುಮಕ್ಕಳಲ್ಲಿ ಅನೇಕರು ವಿವಾಹವಾಗಿ ಬೇರೆ ಪದ್ಧತಿಯ ಸಭೆಗಳನ್ನು ಸೇರಿರುವರು. ತವರಿನ ಕೀರ್ತನೆಯನ್ನು ಅವರು ಮರೆಯಬೇಕಾಗಿಲ್ಲ. ಸೇರಿದ ಸಭೆಯ ಕೀರ್ತನೆಯನ್ನು ಕಲಿಯದಿರಬಾರದು, ಅಷ್ಟೆ. ತಂದೆತಾಯಿಗಳೂ ಈ ಎರಡು ಪ್ರಶ್ನೆಗಳನ್ನು ಮನೆಯಲ್ಲಿ ವಿಚಾರಿಸಲಿ: ನಮ್ಮ ವಿಶ್ವಾಸದಲ್ಲಿ ಬಿಡಲಾಗದ್ದು ಯಾವುದು? ನಾವು ವಾಡಿಕೆಯಿಂದ ಮಾತ್ರ ಹಿಡಿದುಕೊಂಡಿರುವುದು ಯಾವುದು? ಇವೆರಡನ್ನೂ ಬೇರ್ಪಡಿಸಿ ತಿಳಿದವರು ಯಾವ ಊರಿನಲ್ಲಿದ್ದರೂ ಸಭೆಯನ್ನು ಒಡೆಯರು, ಕಟ್ಟುವರು.