ಒಣಹವೆಯ ತಿಂಗಳುಗಳಲ್ಲಿ ಬೆಂಕಿಯ ಎಚ್ಚರ

ಕರಾವಳಿಯಿಂದಲೋ ಮಲೆನಾಡಿನಿಂದಲೋ ಉದ್ಯೋಗನಿಮಿತ್ತವಾಗಿ ಹೈದರಾಬಾದಿಗೆ ಬಂದು ನೆಲಸಿ, ಇಲ್ಲಿಯ ಮೊದಲ ಬೇಸಗೆಯನ್ನು ಇದಿರುನೋಡುತ್ತಿರುವ ನಮ್ಮವರು ಬಿಸಿಲಿನ ವಿಷಯದಲ್ಲಿ ಬೇಕಾದಷ್ಟು ಹಿತವಚನಗಳನ್ನು ಈಗಾಗಲೇ ಕೇಳಿರುವರು. ಈ ಊರಿನ ಒಣಹವೆಯಲ್ಲಿ ಬೆಂಕಿಯ ನಡತೆಯೇ ಬೇರೆಯಾಗುತ್ತದೆಂಬುದನ್ನು ಮಾತ್ರ ಅವರಿಗೆ ತಿಳಿಸಿದವರು ವಿರಳ. ಪುತ್ತೂರು, ಸುಳ್ಯಗಳ ಕಡೆಯವರು ಸುಡುಮಣ್ಣು ಮಾಡುವುದನ್ನು ನೋಡಿಕೊಂಡೇ ಬೆಳೆದವರು; ತರಗೆಲೆ, ಕಸಕಡ್ಡಿಗಳ ರಾಶಿಗೆ ಮಣ್ಣು ಮುಚ್ಚಿ ಕೊಟ್ಟ ಬೆಂಕಿಯು ಅಲ್ಲಿ ಒಳಗೊಳಗೇ ಹೊಗೆಯಾಡುತ್ತ ಬೇಯುವುದೇ ಹೊರತು, ಕಡಲ ಕಡೆಯ ತೇವದ ಗಾಳಿಯೂ ತೋಟದ ತಂಪೂ ಅದನ್ನು ಸುಲಭವಾಗಿ ಅಂಗಳ ದಾಟಗೊಡವು. ಆ ನೆಲದ ಅಭ್ಯಾಸದಿಂದ ಹುಟ್ಟಿದ ನಿಶ್ಚಿಂತೆಯನ್ನು ಇಲ್ಲಿಗೆ ತರಲಾಗದು.

ಇದರ ಕಾರಣವನ್ನು ತಿಳಿದರೆ ಎಚ್ಚರವು ತಾನಾಗಿ ಬರುತ್ತದೆ. ಹೈದರಾಬಾದು ಸಮುದ್ರದಿಂದ ಬಹುದೂರದಲ್ಲಿ, ದಖನ್ ಪ್ರಸ್ಥಭೂಮಿಯ ಮೇಲೆ, ಸುಮಾರು 540 ಮೀಟರ್ ಎತ್ತರದ ಬಂಡೆನೆಲದಲ್ಲಿ ಹರಡಿಕೊಂಡ ಊರು; ಇಲ್ಲಿಯ ಮಳೆಯ ಬಹುಭಾಗ ಜೂನಿನಿಂದ ಅಕ್ಟೋಬರಿನೊಳಗೆ ಸುರಿದು ಮುಗಿಯುತ್ತದೆ. ಗಾಳಿಯು ಕಾದಷ್ಟೂ ನೀರಾವಿಯನ್ನು ಧರಿಸುವ ಅದರ ಶಕ್ತಿ ಹೆಚ್ಚುವುದು. ಉಷ್ಣತೆ ಹತ್ತು ಡಿಗ್ರಿ ಏರಿದರೆ ಆ ಶಕ್ತಿ ಹೆಚ್ಚುಕಡಮೆ ಇಮ್ಮಡಿಯಾಗುತ್ತದೆ. ಆದುದರಿಂದ ಬೆಳಗಿನ ಜಾವ 25 ಡಿಗ್ರಿಯಲ್ಲಿ ಶೇಕಡ 60ರಷ್ಟು ಆರ್ದ್ರತೆಯಿದ್ದ ಗಾಳಿಯೇ, ತನ್ನಲ್ಲಿದ್ದ ತೇವವನ್ನು ಲವಲೇಶವೂ ಕಳೆದುಕೊಳ್ಳದೆ, ಮಧ್ಯಾಹ್ನ 40 ಡಿಗ್ರಿಗೆ ಕಾದಾಗ ಅದರ ಆರ್ದ್ರತೆ ಶೇಕಡ 26ರ ಆಸುಪಾಸಿಗೆ ಇಳಿದುಬಿಡುತ್ತದೆ. ಹೀಗೆ ಬಾಯಾರಿದ ಗಾಳಿಯು ತಾನು ತಾಕಿದ್ದರಲ್ಲೆಲ್ಲ ಇರುವ ತೇವವನ್ನು ಹೀರುತ್ತ ಹೋಗುವುದು. ದಪ್ಪ ಮರದ ದಿಮ್ಮಿ ಒಣಗುವುದಕ್ಕೆ ವಾರಗಳು, ತಿಂಗಳುಗಳು ಬೇಕಾದರೆ, ಒಣಹುಲ್ಲಿನ ಎಸಳಿಗೆ ಒಂದು ಗಂಟೆ ಸಾಕು. ಬೆಳಗ್ಗೆ ಇಬ್ಬನಿಗೆ ಮೆತ್ತಗಾಗಿದ್ದ ಹುಲ್ಲು ಮಧ್ಯಾಹ್ನ ಒಂದು ಗಂಟೆಯಿಂದ ನಾಲ್ಕರವರೆಗಿನ ಅವಧಿಯಲ್ಲಿ ಬೆಂಕಿಗೆ ಸರ್ವಸನ್ನದ್ಧವಾಗಿರುತ್ತದೆ. ಬಿಸಿಲಿಗೆ ಏಳುವ ಸುಂಟರಗಾಳಿಗಳೂ ಆ ಹೊತ್ತಿನವೇ.

ನಗರದ ಹೊಸ ಬಡಾವಣೆಗಳಲ್ಲಿರುವವರು ತಮ್ಮ ಮನೆಯ ಪಕ್ಕದ ಖಾಲಿ ಪ್ಲಾಟನ್ನು ಒಮ್ಮೆ ಸಮೀಪದಿಂದ ನೋಡಬೇಕು. ಮಳೆಗಾಲದಲ್ಲಿ ಎದೆಯೆತ್ತರ ಬೆಳೆದ ಹುಲ್ಲು ಸಂಕ್ರಾಂತಿಯ ವೇಳೆಗೆ ಬುಡದವರೆಗೂ ಹಳದಿಗಟ್ಟಿ ನಿಂತಿರುತ್ತದೆ. ಒಂದು ದಂಟನ್ನು ಬಾಗಿಸಿದಾಗ ಅದು ಬಾಗದೆ ಲಟಕ್ಕನೆ ಮುರಿದರೆ, ಅಲ್ಲಿಗೆ ಬೀಳುವ ಬೀಡಿಯ ತುಂಡಾಗಲಿ, ಟ್ರಾನ್ಸ್‌ಫಾರ್ಮರಿನಿಂದ ಸಿಡಿದ ಕಿಡಿಯಾಗಲಿ, ಹುಲ್ಲಿನ ಮೇಲೆಯೇ ತಂದು ನಿಲ್ಲಿಸಿದ ಕಾರಿನ ಕಾದ ಹೊಗೆಕೊಳವೆಯಾಗಲಿ ಸಾಕೆಂದು ತಿಳಿಯತಕ್ಕದ್ದು. ಮಳೆ ಚೆನ್ನಾಗಿ ಆದ ವರ್ಷದ ಬೇಸಗೆ ನಿರಪಾಯವೆಂಬ ಭಾವನೆ ಅನೇಕರಲ್ಲಿದೆ. ವಸ್ತುತಃ ಅಂಥ ವರ್ಷದಲ್ಲಿಯೇ ಹುಲ್ಲು ಸಮೃದ್ಧವಾಗಿ ಬೆಳೆದು, ಒಣಗಿದ ಮೇಲೆ ಉರಿಯುವುದಕ್ಕೂ ಅಷ್ಟೇ ಸಮೃದ್ಧವಾಗಿರುತ್ತದೆ. ಪ್ಲಾಟಿನ ಒಡೆಯರನ್ನು ಹುಡುಕಿ, ನೆರೆಯವರೆಲ್ಲ ಕೂಡಿ ಜನವರಿಯೊಳಗೆ ಹುಲ್ಲನ್ನು ಕೊಯ್ಯಿಸುವುದು ಕಷ್ಟದ ಕೆಲಸವೇನಲ್ಲ.

ಮಾಘ, ಫಾಲ್ಗುಣಗಳಲ್ಲಿ ಬೇವು ಎಲೆಯುದುರಿಸುವಾಗ ಗುಡಿಸಿದ ರಾಶಿಗೆ ಕಡ್ಡಿ ಗೀರುವ ಆಸೆ ಹುಟ್ಟುವುದು ಸಹಜ. ಇದು ಅಪಾಯವಷ್ಟೇ ಅಲ್ಲ, ಅಪರಾಧವೂ ಹೌದು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2016ರ ಡಿಸೆಂಬರಿನಲ್ಲಿ ಬಯಲಿನಲ್ಲಿ ಕಸ ಸುಡುವುದನ್ನು ದೇಶಾದ್ಯಂತ ನಿಷೇಧಿಸಿ, ಸಾಧಾರಣ ಪ್ರಸಂಗಕ್ಕೆ 5,000 ರೂಪಾಯಿ, ದೊಡ್ಡ ಪ್ರಮಾಣದ್ದಕ್ಕೆ 25,000 ರೂಪಾಯಿ ದಂಡ ವಿಧಿಸಬೇಕೆಂದು ಆಜ್ಞೆಮಾಡಿತು. ಎಲೆಗಳನ್ನು ಗುಂಡಿಯಲ್ಲಿ ಕೊಳೆಹಾಕಿ ಗೊಬ್ಬರ ಮಾಡಿಕೊಳ್ಳುವುದು ಲೇಸು. ಇನ್ನು ಸಂಕ್ರಾಂತಿಯ ಹಿಂದಿನ ದಿನದ ಭೋಗಿಮಂಟೆಯೂ ನಮ್ಮ ಕಾಮದಹನವೂ ಬಿಡತಕ್ಕ ಆಚರಣೆಗಳಲ್ಲ. ಬರಿಯ ನೆಲದ ಮೇಲೆ, ತಂತಿ ಹಾಗೂ ವಾಹನಗಳಿಂದ ದೂರವಾಗಿ, ಪಕ್ಕದಲ್ಲಿ ನೀರಿಟ್ಟುಕೊಂಡು ಮಾಡಿ, ಬೂದಿಯನ್ನು ನೀರಿನಲ್ಲಿ ಕದಡಿ, ಕೈಗೆ ತಣ್ಣಗಾಗಿದೆಯೆಂದು ನೋಡಿ ಮನೆಗೆ ಹೋಗತಕ್ಕದ್ದು.

ನನ್ನ ಮನಸ್ಸನ್ನು ಹೆಚ್ಚಾಗಿ ಕಾಡುವುದು ಶ್ರೀಶೈಲದ ದಾರಿ. ಮಲ್ಲಿಕಾರ್ಜುನನ ದರ್ಶನಕ್ಕೆ ಶಿವರಾತ್ರಿಯಲ್ಲಿಯೂ ಯುಗಾದಿಯಲ್ಲಿಯೂ ಹೋಗದ ಕನ್ನಡ ಮನೆತನಗಳು ಇಲ್ಲಿ ಕಡಮೆ. ಉತ್ತರ ಕರ್ನಾಟಕದಿಂದಲಂತೂ ಯುಗಾದಿಗೆ ಭಕ್ತರು ನಲ್ಲಮಲೆಯ ಕಾಡನ್ನು ಹಾದು ಪಾದಯಾತ್ರೆಯಲ್ಲಿಯೇ ಬರುತ್ತಾರೆ. ಈ ಎರಡು ಪರ್ವಗಳೂ ಕಾಡ್ಗಿಚ್ಚಿನ ಕಾಲದಲ್ಲಿಯೇ ಬರುತ್ತವೆ. ಹೈದರಾಬಾದಿನಿಂದ ಹೋಗುವ ಹೆದ್ದಾರಿಯು ಮನ್ನನೂರನ್ನು ದಾಟಿದೊಡನೆ, 2,600 ಚದರ ಕಿಲೋಮೀಟರಿಗೂ ಮಿಕ್ಕು ಹಬ್ಬಿದ ಅಮ್ರಾಬಾದ್ ಹುಲಿ ಸಂರಕ್ಷಿತ ಪ್ರದೇಶವನ್ನು ಹೊಗುತ್ತದೆ. ಆಗ ಅಲ್ಲಿಯ ಮರಗಳು ಬೋಳಾಗಿ, ಉದುರಿದೆಲೆಯು ನೆಲದ ತುಂಬ ಹಾಸಿಕೊಂಡಿರುತ್ತದೆ. ಆ ದಾರಿಯ ಬದಿಯಲ್ಲಿ ಕಲ್ಲು ಹೂಡಿ ಅಡಿಗೆ ಮಾಡುವುದೂ ಮರದ ಬುಡದಲ್ಲಿ ಕರ್ಪೂರ ಹಚ್ಚಿ ನಮಸ್ಕರಿಸಿ ಮುಂದೆ ಹೋಗುವುದೂ ಭಕ್ತಿಯ ಅಂಗವಾಗಲಾರವು. ಬುತ್ತಿಯನ್ನು ಮನೆಯಿಂದಲೇ ಕಟ್ಟಿಕೊಂಡು ಹೋಗೋಣ; ಕರ್ಪೂರವನ್ನು ಸ್ವಾಮಿಯ ಸನ್ನಿಧಿಗೆ ಮೀಸಲಿಡೋಣ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಕಾಡು ಉರಿದುದನ್ನು ಮೈಸೂರಿನ ಕಡೆಯವರು ಮರೆತಿರಲಾರರು. ಅದಕ್ಕೆ ಎರಡು ವರ್ಷ ಹಿಂದೆ ಅದೇ ಕಾಡಿನ ಕಲ್ಕೆರೆ ವಲಯದಲ್ಲಿ ಬೆಂಕಿಯನ್ನು ಆರಿಸಹೋದ ತರುಣ ಅರಣ್ಯ ರಕ್ಷಕರೊಬ್ಬರು ಪ್ರಾಣವನ್ನೇ ತೆತ್ತರು.

ಜನಸಂದಣಿಯ ಬಯಲೂ ಈ ಅಪಾಯಕ್ಕೆ ಹೊರತಲ್ಲ. 2019ರ ಜನವರಿ 30ರ ರಾತ್ರಿ ನಾಂಪಲ್ಲಿಯ ನುಮಾಯಿಷ್ ಪ್ರದರ್ಶನದಲ್ಲಿ ಹತ್ತಿದ ಬೆಂಕಿ ನೂರಕ್ಕೂ ಹೆಚ್ಚು ಮಳಿಗೆಗಳನ್ನು ನುಂಗಿತು. ಜೀವಹಾನಿಯಾಗದೆ ಹೋದದ್ದು ಪುಣ್ಯ. ಮಕ್ಕಳೊಡನೆ ಅಲ್ಲಿಗೆ ಹೋದವರು ಒಳಹೊಕ್ಕಕೂಡಲೇ ಹೊರದಾರಿಗಳೆಲ್ಲಿವೆಯೆಂದು ಗುರುತಿಟ್ಟುಕೊಳ್ಳಬೇಕು.

ಹುಲ್ಲಿಗೆ ಬೆಂಕಿ ಹತ್ತಿದ್ದು ಕಂಡರೆ, ಅದು ಮೊಣಕಾಲೆತ್ತರ ಮೀರಿದ್ದಾದಲ್ಲಿ ಸೊಪ್ಪು ಹಿಡಿದು ಬಡಿಯಲು ಹೋಗದೆ, ಗಾಳಿ ಬೀಸುವ ದಿಕ್ಕಿನಲ್ಲಿ ಓಡದೆ, ದಿಬ್ಬವನ್ನೇರದೆ, ಗಾಳಿಗೆ ಅಡ್ಡಲಾಗಿ ಹುಲ್ಲಿಲ್ಲದ ಬರಿನೆಲಕ್ಕೆ ಸರಿಯತಕ್ಕದ್ದು. ಇಳಿಜಾರಿನಲ್ಲಿ ಉರಿಯು ಮೇಲ್ಮುಖವಾಗಿ ಬಲು ವೇಗದಿಂದ ಏರುತ್ತದೆ. ಅನಂತರ 101ಕ್ಕೆ ಅಥವಾ 112ಕ್ಕೆ ಫೋನ್ ಮಾಡಬೇಕು. ತೆಲುಗು ಬಾರದಿದ್ದರೆ ಹಿಂದಿಯಾದರೂ ಆದೀತು. ಈ ಊರಿನ ಹಳೆಯ ಮನೆನಂಬರುಗಳನ್ನು ಹಿಡಿದು ದಾರಿ ಹುಡುಕುವುದು ಸ್ಥಳೀಯರಿಗೂ ದುಸ್ಸಾಧ್ಯವಾದುದರಿಂದ, ಹತ್ತಿರದ ದೇವಸ್ಥಾನ, ಮಸೀದಿ, ಶಾಲೆಯ ಹೆಸರನ್ನೋ, ಮೆಟ್ರೋ ಮಾರ್ಗದ ಪಕ್ಕದಲ್ಲಿದ್ದರೆ ಕಂಬದ ಮೇಲೆ ಬರೆದ ಪಿಲ್ಲರ್ ನಂಬರನ್ನೋ ಹೇಳಿ, ಮನೆಯವರಲ್ಲೊಬ್ಬರನ್ನು ಮುಖ್ಯರಸ್ತೆಯ ತಿರುವಿನಲ್ಲಿ ಅಗ್ನಿಶಾಮಕ ವಾಹನಕ್ಕೆ ದಾರಿ ತೋರಿಸಲು ನಿಲ್ಲಿಸಿರಿ.