ಮಾತಾಡಿಸಿದರೆ ನಡಿಗೆ ನಿಲ್ಲುವುದೇಕೆ?

ಪ್ರಶ್ನೆ: ನಮ್ಮ ಅತ್ತೆಗೆ 76 ವರ್ಷ. ಸಂಜೆ ಜೊತೆಯಲ್ಲಿ ನಡೆಯುವಾಗ ಏನಾದರೂ ಕೇಳಿದರೆ ನಿಂತು, ಉತ್ತರ ಹೇಳಿ, ಆಮೇಲೆ ಹೆಜ್ಜೆ ಹಾಕುತ್ತಾರೆ. ಕಿವಿ ಚೆನ್ನಾಗಿ ಕೇಳಿಸುತ್ತದೆ. ಇದು ವಯಸ್ಸಿನಿಂದಲೇ?
– ಓದುಗರೊಬ್ಬರು, ತಿಪಟೂರು

ಉತ್ತರ: ಬಹುಮಟ್ಟಿಗೆ ಹೌದು. ನೀವು ಕಂಡದ್ದನ್ನೇ ಸ್ವೀಡನ್ನಿನ ಸಂಶೋಧಕರು 1997ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದಿದ್ದಾರೆ. ಹಿರಿಯರ ವಸತಿಯೊಂದರಲ್ಲಿ ಗಮನಿಸಿದ 58 ಜನರಲ್ಲಿ 12 ಮಂದಿ ಮಾತು ಶುರುವಾದೊಡನೆ ನಡಿಗೆ ನಿಲ್ಲಿಸಿದರು. ಮುಂದಿನ ಆರು ತಿಂಗಳಲ್ಲಿ ಅವರ ಪೈಕಿ 10 ಮಂದಿ ಬಿದ್ದರು.

ನಡೆಯುವಾಗ ಪ್ರತಿ ಹೆಜ್ಜೆಗೂ ಮೈಭಾರವೆಲ್ಲ ಒಂದೇ ಕಾಲಿನ ಮೇಲೆ ಬಿದ್ದು ಮುಂದಕ್ಕೆ ವಾಲುತ್ತದೆ. ಇನ್ನೊಂದು ಕಾಲು ಬಂದು ಅದನ್ನು ಹಿಡಿಯುತ್ತದೆ. ಮೈ ಎತ್ತ ವಾಲಿದೆ ಎಂಬುದನ್ನು ಮಿದುಳಿಗೆ ತಿಳಿಸುವುದು ಕಣ್ಣು, ಒಳಕಿವಿ ಮತ್ತು ಪಾದಗಳು. ವಯಸ್ಸಾದಂತೆ ಮೂರೂ ಮಂಕಾಗುತ್ತವೆ. ಸಕ್ಕರೆ ಕಾಯಿಲೆ ಇದ್ದರೆ, ಬಿ12 ಕಡಿಮೆಯಾಗಿದ್ದರೆ (ನಮ್ಮ ಸಸ್ಯಾಹಾರಿ ಮನೆಗಳಲ್ಲಿ ಇದು ಸಾಮಾನ್ಯ) ಅಂಗಾಲಿಗೆ ನೆಲ ಸರಿಯಾಗಿ ತಿಳಿಯುವುದೇ ಇಲ್ಲ. ಎಡವಿದಾಗ ಥಟ್ಟನೆ ಕಾಲು ಮುಂದಿಡಲು ಬೇಕಾದ ಚುರುಕಿನ ಸ್ನಾಯುತಂತುಗಳೂ ಸೊರಗಿರುತ್ತವೆ.

ಹೀಗಾಗಿ, ಇಷ್ಟು ವರ್ಷ ಯೋಚಿಸದೆ ನಡೆದುಹೋಗುತ್ತಿದ್ದ ಕೆಲಸಕ್ಕೆ ಈಗ ಗಮನ ಕೊಡಬೇಕಾಗುತ್ತದೆ. ಮಾತಿಗೂ ಅದೇ ಗಮನ ಬೇಕು. ಎರಡಕ್ಕೂ ಸಾಲದಾದಾಗ ನಿಮ್ಮ ಅತ್ತೆ ನಿಲ್ಲುತ್ತಾರೆ. ಅವರು ಮಾಡುತ್ತಿರುವುದು ಸರಿ ಎಂದೇ ನನ್ನ ಅಭಿಪ್ರಾಯ. ‘ನಡೀತಾನೇ ಹೇಳಿ ಅತ್ತೆ’ ಎಂದು ಅವಸರ ಮಾಡಬೇಡಿ, ಹಿಂದಿನಿಂದ ಕೂಗಬೇಡಿ. ಮೆಟ್ಟಿಲ ಮೇಲಂತೂ ಮಾತೇ ಬೇಡ. ರಾತ್ರಿ ಬಚ್ಚಲುಮನೆಯ ದಾರಿಯಲ್ಲಿ ಒಂದು ದೀಪ ಉರಿಯಲಿ; ಕತ್ತಲಲ್ಲಿ ಕಣ್ಣಿನ ಆಸರೆ ತಪ್ಪಿದರೆ ಉಳಿದೆರಡರ ಮೇಲೆಯೇ ಹೊರೆ.

ಬಿದ್ದಾರೆಂಬ ಭಯದಿಂದ ಅವರನ್ನು ಮನೆಯಲ್ಲೇ ಕೂರಿಸುವುದು ಮಾತ್ರ ದೊಡ್ಡ ಅನ್ಯಾಯ. ಕಾಲಿನ ಬಲ ಇನ್ನೂ ಬೇಗ ಕರಗುತ್ತದೆ. ಹಲವು ಪ್ರಯೋಗಗಳನ್ನು ಒಟ್ಟಿಗೆ ಅಳೆದ 2019ರ ಕಾಕ್ರೇನ್ ಪರಿಶೀಲನೆಯ ಪ್ರಕಾರ, ವ್ಯಾಯಾಮದಿಂದ ಹಿರಿಯರು ಬೀಳುವುದು ಸುಮಾರು ಶೇ 23ರಷ್ಟು ಕಡಿಮೆಯಾಗುತ್ತದೆ. ಬರೀ ವಾಕಿಂಗ್ ಸಾಲದು, ಸಮತೋಲಕ್ಕೇ ಕೆಲಸ ಕೊಡಬೇಕು: ಅಡುಗೆಕಟ್ಟೆ ಹಿಡಿದು ಒಂಟಿಕಾಲಲ್ಲಿ ನಿಲ್ಲುವುದು, ಕೈ ಊರದೆ ಕುರ್ಚಿಯಿಂದ ಏಳುವುದು, ಪಕ್ಕಕ್ಕೆ ಹೆಜ್ಜೆ ಹಾಕುವುದು. ಮೊದಮೊದಲು ನೀವು ಪಕ್ಕದಲ್ಲೇ ನಿಂತಿರಿ.

ಈ ಅಭ್ಯಾಸ ದಿಢೀರನೆ ಶುರುವಾಗಿದ್ದರೆ, ಮರೆವು ಅಥವಾ ಕೈನಡುಕ ಜೊತೆಗಿದ್ದರೆ, ಈಗಾಗಲೇ ಒಮ್ಮೆ ಬಿದ್ದಿದ್ದರೆ ವೈದ್ಯರಿಗೆ ತೋರಿಸಿ. ಹೋಗುವಾಗ ಅವರು ನುಂಗುವ ಎಲ್ಲ ಮಾತ್ರೆಗಳನ್ನೂ ಒಯ್ಯಿರಿ. ನಿದ್ದೆಯ ಮಾತ್ರೆ, ಕೆಲವು ಬಿಪಿ ಮಾತ್ರೆಗಳಿಂದಲೂ ನಡಿಗೆ ತಪ್ಪುತ್ತದೆ.