ಬೆಳಕಿನಿಂದ ಕೆಲಸ ಮಾಡುವ ಆಕ್ಸೈಡ್ ನೂಲು ಮತ್ತು ನಮ್ಮ ಕೊಳೆರೋಗ



‘ನ್ಯಾನೋ’ ಹೆಸರಿನ ಪುಡಿಗಳನ್ನು ಬೋರ್ಡೋ ದ್ರಾವಣದ ಬದಲಿಗೆ ಸಿಂಪಡಿಸಬಹುದೇ ಎಂದು ಹಲವರು ವಿಚಾರಿಸುತ್ತಿದ್ದಾರೆ. ಉತ್ತರ ಹೇಳುವ ಮುನ್ನ ಈ ವಸ್ತುಗಳು ಕೆಲಸ ಮಾಡುವ ಬಗೆಯನ್ನು ತಿಳಿಯೋಣ.

ನ್ಯಾನೋಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಸತು ಅಥವಾ ಟೈಟಾನಿಯಂ ಲವಣ ಬೆರೆಸಿದ ಅಂಟು ದ್ರಾವಣವನ್ನು ಹತ್ತು ಸಾವಿರ ವೋಲ್ಟಿಗೂ ಮೀರಿದ ವಿದ್ಯುತ್ತಿನಿಂದ ಸೂಜಿಯ ತುದಿಯಿಂದ ಸೆಳೆದು, ಕೆಲವು ನೂರು ನ್ಯಾನೋಮೀಟರ್ ದಪ್ಪದ ಎಳೆ ತೆಗೆಯುತ್ತಾರೆ. ಅದನ್ನು ಸುಮಾರು 500 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟಾಗ ಅಂಟು ಉರಿದುಹೋಗಿ ಆಕ್ಸೈಡ್ ನೂಲು ಉಳಿಯುತ್ತದೆ.

ಟೈಟಾನಿಯಂ ಆಕ್ಸೈಡ್ ಬೆಳಕಿನ ಬಲದಿಂದ ನೀರನ್ನು ಒಡೆಯಬಲ್ಲದೆಂದು ಜಪಾನಿನ ಫುಜಿಶಿಮಾ ಮತ್ತು ಹೋಂಡಾ 1972ರಲ್ಲಿ ತೋರಿಸಿದರು. ಬೆಳಕು ತಾಗಿದಾಗ ಆಕ್ಸೈಡಿನಲ್ಲಿ ಎಲೆಕ್ಟ್ರಾನ್ ಸ್ಥಾನ ಬಿಟ್ಟೇಳುತ್ತದೆ. ಆಗ ಸುತ್ತಲಿನ ನೀರು ಮತ್ತು ಆಮ್ಲಜನಕದಿಂದ ತೀಕ್ಷ್ಣ ಕಣಗಳು ಹುಟ್ಟಿ, ಬ್ಯಾಕ್ಟೀರಿಯಾದ ಹೊರಪೊರೆಯನ್ನೂ ನೀರಿನ ಕಲ್ಮಷವನ್ನೂ ಛಿದ್ರಗೊಳಿಸುತ್ತವೆ. ಪುಡಿಯಾದರೆ ನೀರಿನಿಂದ ಬೇರ್ಪಡಿಸುವುದು ಕಷ್ಟ. ನೂಲಿನ ಹಾಸನ್ನು ಎತ್ತಿ ಮತ್ತೆ ಬಳಸಬಹುದು. ಇದೇ ನೂಲಿನ ಹೆಚ್ಚುಗಾರಿಕೆ.

ಆದರೆ ಸಾಮಾನ್ಯ ಟೈಟಾನಿಯಂ ಆಕ್ಸೈಡಿಗೆ ಬೇಕಾದುದು ಅತಿನೇರಳೆ ಕಿರಣ. ಬಿಸಿಲಿನಲ್ಲಿ ಅದರ ಪಾಲು ನೂರಕ್ಕೆ ಸುಮಾರು ಐದು ಮಾತ್ರ. ಕೊಳೆರೋಗ ಬರುವುದು ಮೋಡ ಕವಿದ ಜಡಿಮಳೆಯಲ್ಲಿ, ಸೋಗೆಯ ನೆರಳಿನ ಗೊನೆಗೆ. ಮೇಲಾಗಿ, ಪ್ರಯೋಗಶಾಲೆಯ ನೀರಿನಲ್ಲಿ ಬ್ಯಾಕ್ಟೀರಿಯಾ ಸತ್ತಿತೆಂದರೆ ತೋಟದಲ್ಲಿ ಫೈಟಾಫ್ತೊರ ನಿಂತಿತೆಂದು ಅರ್ಥವಲ್ಲ. ಕಾಫಿ ಪಲ್ಪಿಂಗ್ ನೀರಿಗೂ ಇದೇ ತೊಡಕು: ಕದಡಿದ ಕಂದು ನೀರಿನೊಳಗೆ ಬೆಳಕು ಇಳಿಯದು.

ಬೋರ್ಡೋ ದ್ರಾವಣದ ತಾಮ್ರಕ್ಕೆ ಬೆಳಕು ಬೇಡ. ಕಾಯಿಗೆ ಅಂಟಿಕೊಂಡು, ಒದ್ದೆಯಾದಾಗ ಸ್ವಲ್ಪ ಸ್ವಲ್ಪವೇ ಕರಗಿ ರೋಗಾಣುವನ್ನು ತಡೆಯುತ್ತದೆ. ಆದುದರಿಂದ ಸದಸ್ಯರು ಗಮನಿಸಬೇಕಾದುದು:

1. ಶೇಕಡಾ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಒಳ್ಳೆಯ ಸುಣ್ಣ, 100 ಲೀಟರ್ ನೀರು.

2. ಉಜ್ಜಿದ ಕಬ್ಬಿಣದ ಚಾಕುವನ್ನು ಅದ್ದಿದಾಗ ಕೆಂಪು ಲೇಪ ಕಂಡರೆ ಇನ್ನಷ್ಟು ಸುಣ್ಣದ ತಿಳಿ ಸೇರಿಸಬೇಕು.

3. ಮೊದಲ ಸಿಂಪಡಣೆ ಮಳೆ ಹಿಡಿಯುವ ಮುನ್ನ. ಎರಡನೆಯದು 40–45 ದಿನಗಳ ನಂತರ, ಹೊಳವು ನೋಡಿ.

4. ಹೊಸ ಔಷಧಿ ಕೊಳ್ಳುವಾಗ ಚೀಟಿಯಲ್ಲಿ ನೋಂದಣಿ ಸಂಖ್ಯೆ, ಅಡಿಕೆ ಬೆಳೆ ಮತ್ತು ರೋಗದ ಹೆಸರು ಇವೆಯೇ ನೋಡಿ, ರಸೀದಿ ಪಡೆಯಿರಿ.

ವಿಜ್ಞಾನವನ್ನು ನಾವು ಸ್ವಾಗತಿಸೋಣ. ಆದರೆ ಒಂದು ವರ್ಷದ ಫಸಲನ್ನು ಪರೀಕ್ಷೆಗೆ ಒಡ್ಡುವುದು ಬೇಡ.